ಮಂದ ಜನ

ಇನ್ನೂ ಅರ್ಧ ರಸ್ತೆ ಬಾಕಿ ಇರುವಾಗಲೇ ಪಾದಚಾರಿ ಸಿಗ್ನಲ್ಲಿನ ಹಸಿರು ಮನುಷ್ಯ ಕೆಂಪಾದ. ವಿಲ್ಫ್ರೀಡ್ ನಡುಗಟ್ಟೆಯ ಕಂಬ ಹಿಡಿದು ನಿಂತ. ಹಿಂದಿನಿಂದ ಬಂದವರೆಲ್ಲ ಅವನನ್ನು ದಾಟಿಕೊಂಡು ಓಡಿ ಆಚೆ ಸೇರಿದರು. ಒಬ್ಬ ಸೈಕಲ್ಲಿನವನು ಗಂಟೆ ಬಾರಿಸಿ, ಏನೋ ಗೊಣಗಿ ಹೋದ. ಬೈದದ್ದೇ ಇರಬೇಕು. ಮಾರ್ಚ್ ತಿಂಗಳಿಂದ ಎಡಮಂಡಿ ಅವನ ಮಾತು ಕೇಳುವುದನ್ನು ಬಿಟ್ಟಿದೆ. ಬ್ರಸೆಲ್ಸಿನ ಈ ರಸ್ತೆಯನ್ನು ಇಪ್ಪತ್ತಾರು ವರ್ಷ ದಾಟಿದ್ದಾನೆ, ಒಂದು ದಿನವೂ ಇದು ಇಷ್ಟು ಅಗಲ ಅನ್ನಿಸಿರಲಿಲ್ಲ. ಎರಡೂ ಕಡೆ ವಾಹನಗಳು ಹೋಗುತ್ತಿದ್ದವು, ಬಸ್ಸಿನ ಗಾಳಿಗೆ ಕೋಟಿನ ತುದಿ ಹಾರಿ ಮುಖಕ್ಕೆ ಬಡಿಯಿತು. ಹೀಗೆ ನಡುವೆ ಸಿಕ್ಕಿಹಾಕಿಕೊಂಡು ನಿಲ್ಲುವುದರಲ್ಲಿ ಒಂದು ನಾಚಿಕೆ ಇದೆ. ಮಾಡಬಾರದ್ದು ಮಾಡಿ ಸಿಕ್ಕಿಬಿದ್ದವನನ್ನು ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದಂತೆ. ಮಾಡಬಾರದ್ದನ್ನು ಅವನು ಮಾಡಿಯೂ ಇದ್ದ. ಇವತ್ತು ಶುಕ್ರವಾರ. ಮಧ್ಯಾಹ್ನ ಹನ್ನೆರಡಕ್ಕೆ ಮೌನ ಮುಗಿಯುತ್ತದೆ.

ಮೌನ ಅನ್ನುವುದು ಅವರ ಕಸುಬಿನ ಮಾತು. ಯುರೋಪಿನ ರಸ್ತೆಗಳ ಬಗ್ಗೆ ಮುಂದಿನ ಇಪ್ಪತ್ತೈದು ವರ್ಷ ಏನೇನು ಸಂಶೋಧನೆ ಆಗಬೇಕು ಎಂಬ ಯೋಜನೆಯನ್ನು ಒಂದು ಮಂಡಳಿ ಮೂರು ವರ್ಷದಿಂದ ಬರೆಯುತ್ತಿತ್ತು. ವಿಲ್ಫ್ರೀಡ್ ಅದರ ಕಾರ್ಯದರ್ಶಿ. ಬ್ಯಾಟರಿ, ಜಲಜನಕ, ಚಾಲಕನಿಲ್ಲದ ಲಾರಿ, ಹಳೆ ಡಾಂಬರು ಕೆತ್ತಿ ಹೊಸ ರಸ್ತೆ ಹಾಕುವುದು, ಹೀಗೆ ನೂರಾ ಹನ್ನೆರಡು ಪರಿಚ್ಛೇದ. ಇದರಲ್ಲಿ ಇಲ್ಲದ್ದನ್ನು ಮುಂದೆ ಯಾರೂ ಕೈಗೆತ್ತಿಕೊಳ್ಳುವುದಿಲ್ಲ, ಹಾಗಾಗಿ ಒಂದೊಂದು ಮಾತಿಗೂ ಜಗ್ಗಾಟ. ಕೊನೆಗೆ ಕರಡನ್ನು ಎಲ್ಲರಿಗೂ ಕಳಿಸಿ ಏಳು ದಿನ ಕೊಡುತ್ತಾರೆ. ಅಷ್ಟರೊಳಗೆ ಯಾರೂ ಬಾಯಿ ಬಿಡದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ಯಾರಾದರೂ ಒಬ್ಬರು ಆಕ್ಷೇಪ ಬರೆದರೆ ಮೌನ ಮುರಿಯಿತು ಅನ್ನುತ್ತಾರೆ. ಮುರಿಯುವ ಹಕ್ಕು ಸದಸ್ಯರದು, ಕಾರ್ಯದರ್ಶಿಯದಲ್ಲ. ಅವನು ಬರೀ ಪೆನ್ನು ಹಿಡಿದವನು. ಇಷ್ಟು ವರ್ಷದಲ್ಲಿ ಎಷ್ಟು ಮೌನಗಳನ್ನು ಅವನು ಎಣಿಸಿ, ಒಪ್ಪಿಗೆ ಎಂದು ಬರೆದು ಕಡತಕ್ಕೆ ಸೇರಿಸಿದ್ದಾನೋ. ಮನೆಯಲ್ಲಿ ಮಾತಾಡುವವರಿಲ್ಲ, ಅಲ್ಲೂ ಎಲ್ಲವೂ ಒಪ್ಪಿಗೆಯೇ. ಕುರ್ಚಿ ಸರಿಸಿದರೂ ಒಪ್ಪಿಗೆ, ರಾತ್ರಿಗೆ ಬರೀ ಸೂಪು ಮಾಡಿಕೊಂಡರೂ ಒಪ್ಪಿಗೆ. ಯಾರಾದರೂ ಒಮ್ಮೆ ಬೇಡ ಅಂದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ.

ಮತ್ತೆ ಹಸಿರು ಬಂತು, ದಾಟಿದ. ಆಫೀಸಿನಲ್ಲಿ ಶುಕ್ರವಾರ ಜನ ಕಡಿಮೆ. ಪತ್ರವ್ಯವಹಾರ ನೋಡಿಕೊಳ್ಳುವ ಸೊಲಾಂಜ್ ಒಬ್ಬಳು ಕಾಫಿ ಬಟ್ಟಲು ಹಿಡಿದು ಕಿಟಕಿಯ ಹತ್ತಿರ ನಿಂತಿದ್ದಳು. ಇಲ್ಲಿಯವರೆಗೆ ಬಂದದ್ದು ಮೂರೇ ಪತ್ರ ಎಂದಳು. ಪೋರ್ಚುಗಲ್ಲಿನವರು ಧನ್ಯವಾದ ಹೇಳಿದ್ದಾರೆ, ಡೆನ್ಮಾರ್ಕಿನವರು ಎರಡು ಅಲ್ಪವಿರಾಮ ಕೇಳಿದ್ದಾರೆ, ಇನ್ನೊಬ್ಬರು ಕಡತ ತೆರೆಯುತ್ತಿಲ್ಲ ಎಂದು ಬರೆದು, ಆಮೇಲೆ ತೆರೆಯಿತು ಎಂದೂ ಬರೆದಿದ್ದಾರೆ. ಫಿನ್ಲೆಂಡಿನಿಂದ ಏನಾದರೂ ಬಂತೇ ಎಂದು ಅವನು ಕೇಳಿದ. ಈ ವಾರದಲ್ಲಿ ಅವನು ಇದನ್ನು ಕೇಳಿದ್ದು ಐದನೆಯ ಸಲ. ಸೊಲಾಂಜ್ ಅವನನ್ನೇ ನೋಡಿದಳು. "ಏನ್ರೀ ವಿಲ್ಫ್ರೀಡ್, ಹೆಲ್ವಿ ಮೇಡಂ ಪ್ರೇಮಪತ್ರ ಬರೀತೀನಿ ಅಂದಿದ್ದಾರಾ?" ಎಂದಳು. ಅವನು ನಕ್ಕ ಹಾಗೆ ಮಾಡಿ ತನ್ನ ಕೋಣೆಗೆ ಹೋದ.

ಪರದೆಯ ಮೇಲೆ ನಲವತ್ತೇಳನೆಯ ಪರಿಚ್ಛೇದ ನಾಲ್ಕು ಸಾಲಿನಲ್ಲಿ ಅಂದವಾಗಿ ಕೂತಿತ್ತು. ಐದು ಸಾಲಿರಬೇಕಿತ್ತು. ಜಗಳವಿರುವ ಮಾತನ್ನು ಚೌಕ ಕಂಸದೊಳಗೆ ಇಡುವುದು ಇವರ ಪದ್ಧತಿ. ಜಗಳ ಬಗೆಹರಿದರೆ ಕಂಸ ತೆಗೆದು ಮಾತು ಉಳಿಸಬೇಕು, ಬಗೆಹರಿಯದಿದ್ದರೆ ಕಂಸದ ಸಮೇತ ಮಾತನ್ನೂ ತೆಗೆಯಬೇಕು. ಮೆಲ್ಲಗೆ ನಡೆಯುವವರಿಗೆ ರಸ್ತೆ ದಾಟಲು ಎಷ್ಟು ಹೊತ್ತು ಬೇಕೆಂದು ಊರೂರಲ್ಲಿ ಅಳೆಯಬೇಕು, ಸಿಗ್ನಲ್ಲುಗಳನ್ನು ಅವರಿಗೆ ಹೊಂದಿಸುವುದು ಹೇಗೆಂದು ಸಂಶೋಧನೆ ಆಗಬೇಕು, ಎಂಬ ಫಿನ್ಲೆಂಡಿನ ಸದಸ್ಯೆ ಹೆಲ್ವಿಯ ವಾಕ್ಯ ಎರಡು ವರ್ಷ ಕಂಸದೊಳಗೇ ಕೂತಿತ್ತು. ವಾಹನಗಳ ಓಟ ಕುಂಠಿತವಾಗುತ್ತದೆ ಎಂದು ಕೆಲವರ ವಾದ. ಹೆಲ್ವಿ ಬಿಡಲಿಲ್ಲ. ಎದುರಾಡಿದವರ ಜೊತೆಯೇ ಊಟಕ್ಕೆ ಕೂತು, ಅವರವರ ಊರಿನ ಸಿಗ್ನಲ್ಲಿನ ಲೆಕ್ಕ ಅವರ ಬಾಯಿಂದಲೇ ಹೇಳಿಸಿ, ಕೊನೆಯ ಸಭೆಯಲ್ಲಿ ಎಲ್ಲರನ್ನೂ ಒಪ್ಪಿಸಿದಳು. ಕಂಸ ತೆಗೆಯಿರಿ ಎಂದು ಅಧ್ಯಕ್ಷ ಹಾಸ್ಲಿಂಗರ್ ಮೇಜು ಕುಟ್ಟಿದ. ವಿಲ್ಫ್ರೀಡ್ ಬರೆದುಕೊಂಡ. ಹೋದ ವಾರ ಗುರುವಾರ ಸಂಜೆ, ಎಲ್ಲರಿಗೂ ಕಳಿಸುವ ಮುನ್ನ ಕರಡನ್ನು ಶುದ್ಧ ಮಾಡುವಾಗ ಅವನು ಕಂಸವನ್ನೂ ತೆಗೆದ, ವಾಕ್ಯವನ್ನೂ ತೆಗೆದ. ಒಂದು ಗುಂಡಿ ಒತ್ತುವಷ್ಟು ಕೆಲಸ. ಕೈತಪ್ಪಿ ಆಗುವಂಥದ್ದೇ, ಇವರ ನಡುವೆ ವರ್ಷಕ್ಕೊಂದು ಸಲ ಆಗುತ್ತಲೂ ಇತ್ತು. ಅಳಿಸಿದ ಮೇಲೆ ಬೆರಳು ಗುಂಡಿಯ ಮೇಲೇ ಇತ್ತು. ವಾಪಸು ತರಲು ಇನ್ನೊಂದು ಗುಂಡಿ ಪಕ್ಕದಲ್ಲೇ ಇತ್ತು. ಅವನು ಎದ್ದು ಹೋಗಿ ಕೈ ತೊಳೆದು ಬಂದ. ಬಂದಾಗಲೂ ವಾಕ್ಯ ಇರಲಿಲ್ಲ.

ಆ ಕೊನೆಯ ಸಭೆ ಮಾರ್ಚಿನಲ್ಲಿ, ಲಿಸ್ಬನ್ನಿನಲ್ಲಿ ನಡೆದಿತ್ತು. ಯಾರ ಮನೆಮಾತೂ ಅಲ್ಲದ ಇಂಗ್ಲಿಷಿನಲ್ಲಿ ಎಲ್ಲರೂ ಬರೆಯುತ್ತಿದ್ದರು, ಅವನೂ ಬರೆಯುತ್ತಿದ್ದ. ಮೆಲ್ಲಗೆ ನಡೆಯುವವರು ಎನ್ನಬೇಕಾದ ಕಡೆ ಅವಸರದಲ್ಲಿ ಅವನು ಹಾಕಿದ್ದು ಮಂದ ಜನ ಎಂಬ ಅರ್ಥದ ಮಾತು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಅದು ಬಂತು. ಹೆಲ್ವಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು. ಮಂದ ಜನರಿಗಾಗಿ ದೀರ್ಘಕಾಲದ ಸಂಶೋಧನೆ. ಆಮೇಲೆ ಅವನ ಕಡೆ ತಿರುಗಿ, "ವಿಲ್ಫ್ರೀಡ್, ಇದು ನಮ್ಮ ಮಂಡಳಿ ಬಗ್ಗೆ ಬರೆದಿದ್ದಾ?" ಎಂದಳು. ಇಡೀ ಕೋಣೆ ನಕ್ಕಿತು. ಅನುವಾದಕರ ಗಾಜಿನ ಪೆಟ್ಟಿಗೆಯಲ್ಲಿದ್ದವರೂ ನಕ್ಕರು, ಅವರ ಭುಜ ಕುಣಿಯುವುದು ಕಾಣಿಸಿತು. ತಮಾಷೆ ಮಂಡಳಿಯ ಮೇಲೆ, ಅವನ ಮೇಲಲ್ಲ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಕಿವಿ ಕೆಂಪಾಯಿತು. ಆಲ್ಸ್ಟ್ ಊರಿನ ಶಾಲೆಯಲ್ಲಿ ಕಿಟಕಿಯ ಪಕ್ಕದ ಕೊನೆಯ ಬೆಂಚು, ಅಲ್ಲಿ ಕೂರುವ ಮೂವರನ್ನು ಮೇಷ್ಟ್ರು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಮಂದಗಳೇ ಏಳ್ರೋ ಅನ್ನುತ್ತಿದ್ದರು. ಮೂವರಲ್ಲಿ ಒಬ್ಬ ಸತ್ತ, ಒಬ್ಬ ಹೂವಿನ ಅಂಗಡಿ ಇಟ್ಟ, ಒಬ್ಬ ಯುರೋಪಿನ ರಸ್ತೆಗಳ ಭವಿಷ್ಯ ಬರೆಯುತ್ತಿದ್ದಾನೆ. ಕಾಫಿ ಬಿಡುವಿನಲ್ಲಿ ಇಬ್ಬರು ಅವನನ್ನು ನೋಡಿ, ಮಂದ ಜನ ಬಂದರು ದಾರಿ ಬಿಡಿ ಎಂದರು. ಅವನು ನಗುತ್ತಲೇ ಮೆಟ್ಟಿಲ ಕಡೆ ನಡೆದ. ಯಾರಿಗೂ ಮುಖ ಕಾಣದಿರಲಿ ಎಂದು ಬೇಗ ಬೇಗ ಇಳಿಯುವಾಗ ಕಾಲು ಜಾರಿ ಮಂಡಿ ತಿರುಚಿಕೊಂಡಿತು. ಅದನ್ನು ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ಪ್ರತಿ ಹೆಜ್ಜೆಗೂ ಆ ನಗು ಮಂಡಿಯಲ್ಲಿ ಚುಚ್ಚುತ್ತದೆ.

ಹೆಲ್ವಿ ಅಂದರೆ ಅವನಿಗೆ ಯಾರು? ಹನ್ನೆರಡು ವರ್ಷ, ವರ್ಷಕ್ಕೆ ನಾಲ್ಕು ಸಭೆ, ಪಕ್ಕದ ಕುರ್ಚಿ. ಸಭೆ ಶುರುವಾಗುವ ಮುಂಚೆ ಚೀಲದಿಂದ ಅವಳ ಊರಿನ ಉಪ್ಪಿನ ಕರಿ ಮಿಠಾಯಿಯ ಡಬ್ಬಿ ತೆಗೆದು ಮೊದಲು ಅವನ ಮುಂದೆ ಹಿಡಿಯುತ್ತಾಳೆ. ಥೂ, ಅದು ಬಾಯಲ್ಲಿ ಇಟ್ಟುಕೊಳ್ಳುವ ಪದಾರ್ಥವೇ ಅಲ್ಲ. ಮೊದಲ ಸಲ ಸಂಕೋಚಕ್ಕೆ ತಿಂದ, ಸುಮ್ಮನಿದ್ದ. ಇಷ್ಟವಾಯಿತು ಎಂದು ಅವಳು ತಿಳಿದಳು. ಆಮೇಲೆ ಪ್ರತಿ ಸಲ ಅವನ ಪಾಲಿಗೆ ಒಂದು ಡಬ್ಬಿಯನ್ನೇ ತರತೊಡಗಿದಳು. ಅವನ ಅಡಿಗೆಮನೆಯ ಬೀರುವಿನಲ್ಲಿ ಅಂಥ ನಲವತ್ತು ಡಬ್ಬಿಗಳಿವೆ, ಎಸೆಯಲು ಮನಸ್ಸು ಬರುವುದಿಲ್ಲ. ಅವಳಷ್ಟು ನೆನಪಿಟ್ಟುಕೊಂಡು ಅವನಿಗೆ ಏನಾದರೂ ತರುವವರು ಬೇರೆ ಯಾರೂ ಇಲ್ಲ. ಅವಳ ಗಂಡ ತೌನೋಗೆ ಕೈಕಾಲು ನಡುಗುವ ಕಾಯಿಲೆ. ಅವರ ಊರು ಟಂಪೆರೆಯಲ್ಲಿ ಮನೆಯ ಎದುರಿನ ಸಿಗ್ನಲ್ಲು ಇಪ್ಪತ್ತೆರಡು ಸೆಕೆಂಡು ಹಸಿರಾಗಿರುತ್ತದೆ, ತೌನೋಗೆ ಮೂವತ್ತೊಂದು ಬೇಕು. ಅವಳೇ ಗಡಿಯಾರ ಹಿಡಿದು ಅಳೆದಿದ್ದಳು. ಆಚೆ ಬದಿಯ ಗ್ರಂಥಾಲಯಕ್ಕೆ ಹೋಗಿ ಪತ್ರಿಕೆ ಓದುವುದು ತೌನೋನ ದಿನಚರಿ. ಒಂದು ದಿನ ನಡುವೆ ಸಿಕ್ಕಿಬಿದ್ದು ಲಾರಿಯವನು ಬೈದ ಮೇಲೆ ಅವನು ಹೋಗುವುದನ್ನು ಬಿಟ್ಟ. ಇದನ್ನು ಅವಳು ಮಂಡಳಿಯಲ್ಲಿ ಹೇಳಲಿಲ್ಲ. ಸ್ವಂತದ ಮಾತು ಕರಡಿಗೆ ಬರಬಾರದು ಎಂದು ಅವಳ ನಿಯಮ. ಮೊಗಸಾಲೆಯಲ್ಲಿ ವಿಲ್ಫ್ರೀಡನಿಗೆ ಮಾತ್ರ ಹೇಳಿದ್ದಳು. ಗೊತ್ತಿದ್ದವನು ಅವನೊಬ್ಬನೇ. ಅಳಿಸಿದವನೂ ಅವನೇ.

ಹನ್ನೊಂದು ಹತ್ತಾಯಿತು. ಅವಳು ಒಂದು ಸಾಲು ಬರೆದರೆ ಸಾಕಿತ್ತು, ನನ್ನ ವಾಕ್ಯ ಎಲ್ಲಿ ಎಂದು. ಅವನು ಅಯ್ಯೋ ಕಣ್ತಪ್ಪು ಎಂದು ಹಾಕಿಬಿಡುತ್ತಿದ್ದ. ವಾರವಿಡೀ ಅದಕ್ಕೇ ಕಾದ. ಉಳಿದವರು ನೋಡುವುದಿಲ್ಲ ಎಂಬುದು ಅವನಿಗೆ ಗೊತ್ತು, ಒಬ್ಬೊಬ್ಬರೂ ತಮ್ಮ ತಮ್ಮ ಪರಿಚ್ಛೇದ ಓದಿ ಕಡತ ಮುಚ್ಚುತ್ತಾರೆ. ಅವಳು ನೋಡದೇ ಇರುತ್ತಾಳೆಯೇ? ತೌನೋಗೆ ಹೆಚ್ಚಾಗಿದೆಯೋ ಏನೋ. ಅಥವಾ ಎಲ್ಲ ಅರ್ಥವಾಗಿ, ಇವನ ಮುಖ ಇನ್ನು ನೋಡಬಾರದು ಎಂದು ಕೂತಿದ್ದಾಳೋ. ಪರದೆ ಆರಿ ಅದರಲ್ಲಿ ಅವನ ಮುಖವೇ ಕಾಣಿಸಿತು, ದವಡೆ ಇಳಿದ, ಅರವತ್ತೊಂದರ ಮುಖ. ಹೆದರಿಕೆಯಾಯಿತು. ಫೋನು ಎತ್ತಿಕೊಂಡ.

ಫೋನು ಎರಡು ಸಲ ರಿಂಗಾಗುವಷ್ಟರಲ್ಲೇ ಹೆಲ್ವಿ ಎತ್ತಿದಳು. ಹಿನ್ನೆಲೆಯಲ್ಲಿ ಪಾತ್ರೆಯ ಸದ್ದು, ಅಲ್ಲಿ ಊಟದ ಹೊತ್ತು. ತೌನೋ ಹೇಗಿದ್ದಾನೆ ಎಂದು ಅವನು ಕೇಳಿದ. ಹಾಗೇ ಇದ್ದಾನೆ, ಈಗ ಕೋಣೆಯಿಂದ ಅಡಿಗೆಮನೆಗೆ ಬರುವುದೇ ಒಂದು ಪ್ರಯಾಣ ಎಂದಳು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವಳ ನಾಡಿನವರಿಗೆ ಸುಮ್ಮನಿರುವುದು ಕಷ್ಟವಲ್ಲ, ಅವರು ಫೋನಿನಲ್ಲೂ ಸುಮ್ಮನಿರಬಲ್ಲರು. ಅವನಿಗೇ ತಡೆಯಲಾಗಲಿಲ್ಲ. ಕರಡು ನೋಡಿದೆಯಾ ಎಂದು ಕೇಳಿದ.

"ನೋಡ್ದೆ. ಸೋಮವಾರವೇ ನೋಡ್ದೆ."

"ನಲವತ್ತೇಳು?"

"ಅದನ್ನೇ ಮೊದಲು ನೋಡಿದ್ದು."

"ಮತ್ತೆ ಯಾಕೆ ಬರೀಲಿಲ್ಲ ಹೆಲ್ವಿ?"

ಅವಳು ಚಮಚ ಕೆಳಗಿಟ್ಟದ್ದು ಕೇಳಿಸಿತು. "ತೆಗ್ದಿದ್ದು ನೀನು ಅಲ್ವಾ," ಎಂದಳು. "ಬೇರೆ ಯಾರಾದ್ರೂ ಆಗಿದ್ರೆ ಅವತ್ತೇ ಜಗಳ ತೆಗೀತಿದ್ದೆ. ಸಭೆ ಆದ್ಮೇಲೆ ಯಾರೋ ದೊಡ್ಡವರು ನಿನ್ನ ಕುತ್ತಿಗೆ ಮೇಲೆ ಕೂತಿರಬೇಕು, ನಂಗೆ ಹೇಳೋಕೆ ನಿಂಗೆ ಸಂಕಟ ಆಗಿರಬೇಕು ಅಂದ್ಕೊಂಡೆ. ನಿನ್ನ ಕೈಲಿ ಪೆನ್ನಿದ್ದಾಗ ನಾನು ಎರಡನೇ ಸಲ ನೋಡೋದಿಲ್ಲ ಕಣೋ. ಸುಮ್ನಾದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಯಾರೂ ಕೂತಿಲ್ಲ ಮಾರಾಯ್ತಿ, ನನ್ನ ಕುತ್ತಿಗೆ ಮೇಲೆ ಕೂತಿರುವುದು ನಾನೇ ಎಂದು ಹೇಳಬೇಕೆಂದು ಬಾಯಿ ತೆರೆದ. ಬಂದದ್ದು ಬೇರೆ. "ಕಣ್ತಪ್ಪು ಹೆಲ್ವಿ. ಕಂಸದ ಜೊತೆ ಅದೂ ಹೋಯ್ತು. ಈಗ ಹಾಕ್ತೀನಿ." ಅಷ್ಟೇನಾ ಎಂದು ಅವಳು ನಕ್ಕುಬಿಟ್ಟಳು, ವಾರವಿಡೀ ನಿನಗಾಗಿ ಸಂಕಟಪಟ್ಟೆನಲ್ಲೋ ಎಂದಳು. ಆ ನಗುವಿನಲ್ಲಿ ಎಷ್ಟು ಹಗುರ ಇತ್ತೆಂದರೆ ಅವನು ಬೇಗ ಫೋನು ಇಟ್ಟ.

ಫೋನು ಮಾಡಿದಾಗ ಹಾಸ್ಲಿಂಗರ್ ವಿಯೆನ್ನಾದಲ್ಲಿ ಯಾವುದೋ ರೈಲು ಹತ್ತುತ್ತಿದ್ದ. ಕಾರ್ಯದರ್ಶಿ ಮೌನ ಮುರಿಯುವಂತಿಲ್ಲ, ಆದರೆ ಬರೆವಣಿಗೆಯ ಕಣ್ತಪ್ಪನ್ನು ಗಡುವಿನೊಳಗೆ ತಿದ್ದಬಹುದು, ಅದಕ್ಕೆ ಅಧ್ಯಕ್ಷನ ಹೂಂ ಸಾಕು. ವಿಲ್ಫ್ರೀಡ್ ಅವನಿಗೆ ನಿಜ ಹೇಳಲು ಇನ್ನೊಮ್ಮೆ ಪ್ರಯತ್ನಪಟ್ಟ. ಇದು ಸಣ್ಣ ತಪ್ಪಲ್ಲ, ಇದಕ್ಕೆ ನಾನು ಜವಾಬ್ದಾರ, ಹೇಗಾಯಿತು ಎಂದು ಎಲ್ಲರಿಗೂ ವಿವರವಾಗಿ ಬರೆಯುತ್ತೇನೆ ಎಂದ. "ಅಯ್ಯೋ ಬಿಡ್ರೀ," ಎಂದ ಹಾಸ್ಲಿಂಗರ್, "ಕಂಸ ತೆಗೆಯುವಾಗ ಕಣ್ತಪ್ಪಾಯ್ತು, ಯಾರಿಗೆ ಆಗಲ್ಲ? ಒಂದು ಸಾಲು ಬರೆದು ಕಳ್ಸಿ ಮುಗ್ಸಿ. ವಿವರ ಕೊಟ್ಟರೆ ಜನ ಓದೋಕೆ ಶುರು ಮಾಡ್ತಾರೆ." ಅವನ ದನಿ ಸುರಂಗದಲ್ಲಿ ಕತ್ತರಿಸಿಹೋಯಿತು.

ಹನ್ನೊಂದು ನಲವತ್ತೆಂಟಕ್ಕೆ ವಿಲ್ಫ್ರೀಡ್ ಎಲ್ಲರಿಗೂ ಆ ಒಂದು ಸಾಲು ಕಳಿಸಿದ. ಕಣ್ತಪ್ಪಿನಿಂದ ಬಿಟ್ಟುಹೋದ ವಾಕ್ಯವನ್ನು ನಲವತ್ತೇಳಕ್ಕೆ ಮರಳಿ ಸೇರಿಸಲಾಗಿದೆ. ಕಣ್ತಪ್ಪು ಎಂಬಲ್ಲಿ ಬೆರಳು ನಿಂತಿತು. ಅಳಿಸಿದ, ಬೇರೆ ಪದ ಹುಡುಕಿದ, ಸಿಗಲಿಲ್ಲ, ಅದನ್ನೇ ಮತ್ತೆ ಹಾಕಿದ. ಕಳಿಸಿದ ಕೂಡಲೇ ಟಪಟಪ ಉತ್ತರಗಳು ಬಂದವು. ತೆರೆದರೆ ಎಲ್ಲ ಯಂತ್ರದ ಉತ್ತರಗಳು. ಸೋಮವಾರದವರೆಗೆ ರಜೆಯಲ್ಲಿದ್ದೇನೆ, ಪ್ರವಾಸದಲ್ಲಿದ್ದೇನೆ, ಹೆರಿಗೆ ರಜೆಯಲ್ಲಿದ್ದೇನೆ, ತುರ್ತಾಗಿದ್ದರೆ ಈ ನಂಬರಿಗೆ ಫೋನು ಮಾಡಿ. ಹನ್ನೊಂದು ಜನ ಹೀಗೆ ಅವನ ತಪ್ಪೊಪ್ಪಿಗೆಯನ್ನು ಓದದೆಯೇ ಉತ್ತರಿಸಿದ್ದರು. ಹನ್ನೆರಡು ಹೊಡೆಯಿತು. ಯಾರೂ ಮಾತಾಡಲಿಲ್ಲ. ಇಪ್ಪತ್ತೈದು ವರ್ಷದ ಯೋಜನೆ ಒಪ್ಪಿಗೆಯಾಯಿತು, ಹೆಲ್ವಿಯ ವಾಕ್ಯದ ಸಮೇತ. ಸೊಲಾಂಜ್ ಬಾಗಿಲಲ್ಲಿ ತಲೆ ಹಾಕಿ, ಮೂರು ವರ್ಷದ ಕೂಸು ಹುಟ್ಟಿತಲ್ಲ, ಸಿಹಿ ಎಲ್ಲಿ ಎಂದಳು. ನಾಳೆ ಎಂದ. ನಾಳೆ ಶನಿವಾರ ಕಣ್ರೀ ಎಂದು ಅವಳು ಕೋಟು ಹಾಕಿಕೊಂಡು ಹೋದಳು.

ಈಗ ಯಾರಿಗೂ ಗೊತ್ತಾಗುವುದಿಲ್ಲ. ಇದು ಹೊಳೆದಾಗ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಎಲ್ಲ ಸರಿಹೋಗಿತ್ತು, ಸರಿಹೋಗದೆ ಉಳಿದವನು ಅವನೊಬ್ಬನೇ. ಇನ್ನು ಜೂನಿನ ಸಭೆಯಲ್ಲಿ ಹೆಲ್ವಿ ಪಕ್ಕದಲ್ಲಿ ಬಂದು ಕೂರುತ್ತಾಳೆ, ಡಬ್ಬಿ ಹಿಡಿಯುತ್ತಾಳೆ, ಅವನು ತಿನ್ನುತ್ತಾನೆ. ಅವಳು ಎರಡನೇ ಸಲ ನೋಡುವುದಿಲ್ಲ. ಒಬ್ಬಳಾದರೂ ನಂಬಿದಳಲ್ಲ ಎಂದು ಸಂತೋಷಪಡಬೇಕಾದ ಕಡೆ ಅವನಿಗೆ ಕತ್ತಲೆಕೋಣೆಯಲ್ಲಿ ಕೂಡಿಹಾಕಿದಂತಾಯಿತು. ಅವಳು ನಂಬಿದ ವಿಲ್ಫ್ರೀಡ್ ಬೇರೆ ಯಾರೋ, ಅವನ ಜೊತೆ ಅವಳ ಸ್ನೇಹ. ಇವನಿಗೂ ಅವಳಿಗೂ ಪರಿಚಯವೇ ಇಲ್ಲ.

ಬ್ರೆಡ್ಡಿನ ಅಂಗಡಿಯಲ್ಲಿ ಚೀಸು ತುಂಬಿದ ಅರ್ಧ ಬ್ರೆಡ್ಡು ಕಟ್ಟಿಸಿಕೊಂಡ. ತಿನ್ನಲು ಮನಸ್ಸಿರಲಿಲ್ಲ, ಕಾಗದದ ಚೀಲವನ್ನು ಕೈಯಲ್ಲಿ ಹಿಡಿದು ಮನೆಯ ಕಡೆ ಹೊರಟ. ಸಿಗ್ನಲ್ಲಿನಲ್ಲಿ ಹಸಿರು ಬಂತು, ಜನ ನುಗ್ಗಿದರು, ಅವನೂ ಇಳಿದ. ಒಂದು, ಎರಡು, ಮೂರು ಎಂದು ಎಣಿಸತೊಡಗಿದ. ಹದಿನಾಲ್ಕಕ್ಕೆ ನಡುಗಟ್ಟೆ ಮುಟ್ಟಿದ, ಕೆಂಪು ಬಂತು. ಬೆಳಗಿನ ಅದೇ ಕಂಬ. ತೌನೋ ಹೀಗೇ ನಿಂತಿರಬೇಕು, ಕೈ ನಡುಗುತ್ತ, ಬಗಲಿನಲ್ಲಿ ಏನೋ ಪತ್ರಿಕೆ, ಆಚೆ ಬದಿಯಲ್ಲಿ ಗ್ರಂಥಾಲಯದ ಬಾಗಿಲು ಕಣ್ಣಿಗೆ ಕಾಣುತ್ತಿದೆ. ಲಾರಿಯವನು ಏನೆಂದು ಬೈದಿರಬಹುದು? ಅವನ ಭಾಷೆಯಲ್ಲೂ ಆ ಮಾತು ಇದ್ದೇ ಇರುತ್ತದೆ. ವಿಲ್ಫ್ರೀಡ್ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಫೋನು ತೆಗೆದ.

ಏನಾಯಿತೋ, ಮತ್ತೇನು ಬಿಟ್ಟೆ ಎಂದಳು ಹೆಲ್ವಿ, ಇನ್ನೂ ನಗುವಿನಲ್ಲೇ. ಎಲ್ಲಿದ್ದೀಯಾ, ಏನು ಅಷ್ಟು ಸದ್ದು?

"ರಸ್ತೆ ಮಧ್ಯ ಇದ್ದೀನಿ. ಹೆಲ್ವಿ, ಅದು ಕಣ್ತಪ್ಪಲ್ಲ. ಬೇಕಂತಲೇ ತೆಗೆದೆ. ಲಿಸ್ಬನ್ನಲ್ಲಿ ನೀನು ಓದಿ ನಗಿಸಿದೆಯಲ್ಲ, ಅದಕ್ಕೆ. ತೌನೋ ವಿಷಯ ನಂಗೆ ಗೊತ್ತಿತ್ತು. ಗೊತ್ತಿದ್ದೇ ತೆಗೆದೆ." ಉಸಿರು ತೆಗೆದುಕೊಂಡ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. "ಆ ಕರಿ ಮಿಠಾಯಿ ಒಂದು ದಿನಾನೂ ನಂಗೆ ಸೇರ್ಲಿಲ್ಲ."

ಆಚೆಯಿಂದ ಏನೂ ಬರಲಿಲ್ಲ. ಹಸಿರು ಬಂತು. ಜನ ಅವನ ಎರಡೂ ಬದಿಯಿಂದ ದಾಟಿದರು, ಒಬ್ಬಳು ಮುದುಕಿ ದಾಟ್ತೀರಾ ಎಂಬಂತೆ ಮೊಣಕೈ ಮುಟ್ಟಿದಳು, ಅವನು ಬೇಡವೆಂದು ತಲೆಯಾಡಿಸಿದ. ಕೆಂಪು ಬಂತು. ಫೋನು ಕಟ್ಟಾಗಿರಲಿಲ್ಲ, ಅವಳ ಉಸಿರು ಕೇಳಿಸುತ್ತಿತ್ತು, ದೂರದಲ್ಲಿ ತೌನೋ ಏನೋ ಕೇಳಿದ್ದೂ ಅವಳು ಉತ್ತರಿಸದೆ ಇದ್ದದ್ದೂ ಕೇಳಿಸಿತು. ಇಪ್ಪತ್ತಾರು ವರ್ಷ ಜನರ ಮೌನವನ್ನು ಗಂಟೆ ನೋಡಿ ಒಪ್ಪಿಗೆ ಎಂದು ಬರೆದವನಿಗೆ ಈ ಮೌನದ ಅರ್ಥ ಗೊತ್ತಾಗಲಿಲ್ಲ. ಇದಕ್ಕೆ ಗಡುವೂ ಇರಲಿಲ್ಲ. ಅವಳು ಹೀಗೇ ಫೋನು ಇಟ್ಟುಬಿಟ್ಟರೆ ಈ ಕಂಬ ಬಿಟ್ಟು ಆಚೆ ಹೋಗುವ ಶಕ್ತಿ ತನಗಿಲ್ಲ ಅನ್ನಿಸಿತು. ಮತ್ತೆ ಹಸಿರು, ಮತ್ತೆ ಕೆಂಪು.

"ಆಕ್ಷೇಪ ಇದೆ," ಎಂದಳು ಹೆಲ್ವಿ. ಸಭೆಯಲ್ಲಿ ಕೈಯೆತ್ತಿ ಹೇಳುವ ಅದೇ ದನಿ, ಅದೇ ನಿಧಾನ. ಆದರೆ ಕೊನೆಯಲ್ಲಿ ಸ್ವಲ್ಪ ನಡುಗಿತು. "ಪೆನ್ನಿದೆಯಾ ನಿನ್ನ ಹತ್ರ?"

"ಇದೆ."

"ಬರ್ಕೋ."

ಅವನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡ. ಬ್ರೆಡ್ಡಿನ ಚೀಲವನ್ನು ಕಂಬಕ್ಕೆ ಒತ್ತಿ ಹಿಡಿದು ಜೇಬಿನಿಂದ ಪೆನ್ನು ತೆಗೆದ.

"ಒಂದು," ಎಂದಳು.

ಒಂದು ಎಂದು ಬರೆದ. ಸಿಗ್ನಲ್ಲು ಹಸಿರಾಯಿತು. ಅವನು ಅಲ್ಲೇ ನಿಂತು, ಅವಳು ಹೇಳುವುದಕ್ಕೆ ಕಾದ.